ಎಲ್ಲವನ್ನೂ ಪರೀಕ್ಷಿಸಿದ ಅಣ್ಣತಮ್ಮಂದಿರು



ಇವತ್ತು ರೈಟ್ ಸಹೋದರರಿಂದ ಒಂದು ಪಾಠ ಕಲಿಯೋಣ. ಅಣ್ಣ ವಿಲ್ಬರ್, ತಮ್ಮ ಆರ್ವಿಲ್. ತಂದೆ ಮಿಲ್ಟನ್ ರೈಟ್ ಸಭೆಯ ಬಿಷಪ್. ಮಕ್ಕಳಿಬ್ಬರೂ ಕಾಲೇಜಿಗೆ ಹೋದವರಲ್ಲ. ಅಮೆರಿಕದ ಡೇಟನ್ ಊರಲ್ಲಿ ಸೈಕಲ್ ಅಂಗಡಿ ನಡೆಸ್ತಿದ್ದರು.

ಅವರ 1903ರ ಗೆಲುವು ಎಲ್ಲರಿಗೂ ಗೊತ್ತು. ನಾನು ಹೇಳೋದು 1901ರ ಸೋಲಿನ ಬಗ್ಗೆ. ಆ ವರ್ಷ ಅವರ ಗ್ಲೈಡರ್‌ಗೆ ಸಿಕ್ಕ ಎತ್ತುವ ಬಲ, ಲೆಕ್ಕ ಹಾಕಿದ್ದರಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ. ವಿಲ್ಬರ್ ಎಷ್ಟು ಕುಗ್ಗಿದರೆಂದರೆ, ತಮ್ಮ ಜೀವಮಾನದಲ್ಲಿ ಮನುಷ್ಯ ಹಾರೋದಿಲ್ಲ ಅಂದುಬಿಟ್ಟರು.

ತಪ್ಪು ಎಲ್ಲಿತ್ತು? ಅವರು ಹಿರಿಯರ ಅಂಕಿಗಳನ್ನು ನಂಬಿದ್ದರು. ಒಂದು, ಜರ್ಮನಿಯ ಒಟ್ಟೊ ಲಿಲಿಯೆಂಥಾಲ್ ಅವರ ಪಟ್ಟಿ. ಅವರು 1896ರಲ್ಲಿ ಗ್ಲೈಡರ್ ಬಿದ್ದು ಪ್ರಾಣ ಬಿಟ್ಟವರು. ಇನ್ನೊಂದು, ಇಂಗ್ಲೆಂಡಿನ ಸ್ಮೀಟನ್ ಹೆಸರಲ್ಲಿ ನೂರು ವರ್ಷಕ್ಕೂ ಮೇಲೆ ಬಳಕೆಯಲ್ಲಿದ್ದ, ಗಾಳಿಯ ಒತ್ತಡದ ಒಂದು ಅಂಕಿ.

ಅಣ್ಣತಮ್ಮಂದಿರು ಯಾರನ್ನೂ ದೂರಲಿಲ್ಲ. ಸುಮಾರು ಆರು ಅಡಿ ಉದ್ದದ ಮರದ ಪೆಟ್ಟಿಗೆ ಮಾಡಿ, ಒಂದು ತುದಿಗೆ ಫ್ಯಾನ್ ಇಟ್ಟರು. ಗರಗಸದ ಬ್ಲೇಡು, ಸೈಕಲ್ ಕಡ್ಡಿಗಳಿಂದ ಒಳಗೆ ತಕ್ಕಡಿ ಕಟ್ಟಿದರು. ಸುಮಾರು 200 ಪುಟ್ಟ ರೆಕ್ಕೆಗಳನ್ನು ಗಾಳಿಗೆ ಒಡ್ಡಿ ಅಳೆದರು.

ಏನು ಗೊತ್ತಾಯ್ತು? ಅವರು ಅನುಮಾನಪಟ್ಟಿದ್ದ ಲಿಲಿಯೆಂಥಾಲ್ ಪಟ್ಟಿ ಬಹುಮಟ್ಟಿಗೆ ಸರಿಯಾಗಿಯೇ ಇತ್ತು! ಬಹುಕಾಲದಿಂದ ಬಳಸ್ತಿದ್ದ ಹಳೇ ಅಂಕಿಯೇ ನಿಜಕ್ಕಿಂತ ಬಹಳ ದೊಡ್ಡದಾಗಿತ್ತು ಅಂತ ಅವರ ಗ್ಲೈಡರ್ ಅಳತೆಗಳು ತೋರಿಸಿದವು.

ಗಮನಿಸಿ ಪ್ರಿಯರೇ. ಪರೀಕ್ಷೆ ಒಂದನ್ನು ತಳ್ಳಿತು, ಇನ್ನೊಂದನ್ನು ಉಳಿಸಿತು. 1 ಥೆಸಲೊನೀಕ 5:21ರಲ್ಲಿ ಪೌಲನು ಕೇಳೋದೂ ಈ ಎರಡನ್ನೇ. ಹಿರಿಯರು ಹೇಳಿದ್ದೆಲ್ಲಾ ಸರಿ ಅಂತ ಕಣ್ಣುಮುಚ್ಚಿ ನಂಬೋದು ಸುಲಭ. ಒಂದು ತಪ್ಪು ಕಂಡ ಕೂಡಲೇ ಎಲ್ಲವನ್ನೂ ಬಿಟ್ಟು ಹೋಗೋದು ಇನ್ನೂ ಸುಲಭ. ಇವರು ಎರಡನ್ನೂ ಮಾಡಲಿಲ್ಲ, ಕೂತು ಅಳೆದರು.

ಅದರ ಫಲ ನೋಡಿ. 1902ರಲ್ಲಿ ಹೊಸ ಗ್ಲೈಡರ್ ಲೆಕ್ಕದಂತೆಯೇ ಹಾರಿತು. 1903ರ ಡಿಸೆಂಬರ್ 17ರಂದು, ಎಂಜಿನ್ ಹಾಕಿದ ವಿಮಾನದಲ್ಲಿ ಆರ್ವಿಲ್ 12 ಸೆಕೆಂಡು, 120 ಅಡಿ ಹಾರಿದರು. ಅದೇ ದಿನ ನಾಲ್ಕನೇ ಸಲ ವಿಲ್ಬರ್ 59 ಸೆಕೆಂಡು, 852 ಅಡಿ.

ನಿಮ್ಮಲ್ಲಿ ಕೆಲವರಿಗೆ ಕಾಲೇಜಲ್ಲಿ, ಆಫೀಸಲ್ಲಿ ನಂಬಿಕೆಯ ಬಗ್ಗೆ ಪ್ರಶ್ನೆಗಳು ಎದ್ದಿವೆ, ನನಗೆ ಗೊತ್ತು. ಹೆದರಬೇಡಿ, ಸಭೆ ಬಿಟ್ಟು ದೂರ ಹೋಗಲೂ ಬೇಡಿ. ಈ ವಾರ ಒಂದೇ ಒಂದು ಪ್ರಶ್ನೆ ಬರೆದುಕೊಳ್ಳಿ. ಅಪೊಸ್ತಲರ ಕೃತ್ಯಗಳು 17:11ರ ಬೆರೋಯದವರ ಹಾಗೆ ವಾಕ್ಯ ತೆರೆದು ಶೋಧಿಸಿ, ಮುಂದಿನ ಕೂಟಕ್ಕೆ ತನ್ನಿ. ಒಟ್ಟಿಗೆ ಕೂತು ನೋಡೋಣ. ಆಮೆನ್.