ರಿಫಾರ್ಮರ್ ಕೊಳ್ಳುವ ಮುನ್ನ

ರಾಬರ್ಟ್‌ಸನ್‌ಪೇಟೆಯ ನಮ್ಮ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಪಿಲಾಟೀಸ್ ಉಪಕರಣ ತರಿಸೋಣವೆಂದು ಹೊರಟಾಗ ಕೈಗೆ ಬಂದ ಕ್ಯಾಟಲಾಗ್‌ಗಳ ತುಂಬ ಬಳುಕುವ ಮೈಯ ಹುಡುಗಿಯರೇ. ನಮ್ಮಲ್ಲಿಗೆ ಬರುವವರೇ ಬೇರೆ. ಮಾರಿಕುಪ್ಪಂ ರೈಲಿನಲ್ಲಿ ದಿನಾ ಬೆಂಗಳೂರಿಗೆ ನಿಂತೇ ಹೋಗಿಬಂದು ಸೊಂಟ ಹಿಡಿದುಕೊಂಡವರು, ಮಂಡಿ ಆಪರೇಷನ್ ಆದ ಬಿಇಎಂಎಲ್ ನಿವೃತ್ತರು, 2001ರ ಫೆಬ್ರುವರಿಯಲ್ಲಿ ಕೋಲಾರದ ಚಿನ್ನದ ಗಣಿ ಮುಚ್ಚುವ ತನಕ ಸುರಂಗದಲ್ಲಿ ದುಡಿದ ಹಿರಿಯರು.

ರಿಫಾರ್ಮರ್ ಅಂದರೆ ಹಳಿಯ ಮೇಲೆ ಜಾರುವ ಹಲಗೆ, ಅದನ್ನು ಹಿಂದಕ್ಕೆಳೆಯುವ ನಾಲ್ಕೈದು ಸ್ಪ್ರಿಂಗ್. ಮೊದಲ ಮಹಾಯುದ್ಧದಲ್ಲಿ ಐಲ್ ಆಫ್ ಮ್ಯಾನ್ ಶಿಬಿರದಲ್ಲಿ ಬಂಧಿಯಾಗಿದ್ದ ಜರ್ಮನಿಯ ಜೋಸೆಫ್ ಪಿಲಾಟೀಸ್, ರೋಗಿಗಳ ಮಂಚಕ್ಕೆ ಸ್ಪ್ರಿಂಗ್ ಕಟ್ಟಿ ವ್ಯಾಯಾಮ ಮಾಡಿಸಿದರೆಂಬ ಕಥೆಯಿದೆ. ಕಥೆ ಎಷ್ಟು ನಿಜವೋ, ನಾನಂತೂ ಅದನ್ನು ಮಂಚವೆಂದೇ ನೋಡಿ ಆರಿಸಿದೆ. ಅಡಿ ಎತ್ತರದ ಮಾದರಿಯ ಮೇಲೆ ಕೂತ ಮಂಡಿನೋವಿನವರನ್ನು ಎಬ್ಬಿಸಲು ಇಬ್ಬರು ಬೇಕು. ಒಂದೂವರೆ ಅಡಿಯ ಕಾಲಿರುವುದಾದರೆ ತಾವೇ ಕೂತು ತಾವೇ ಏಳುತ್ತಾರೆ.

ಪರೀಕ್ಷೆಗೆಂದು ಹಳೆಯ ಗಣಿ ಕಾರ್ಮಿಕರೊಬ್ಬರನ್ನು ಮಲಗಿಸಿದೆ. ಕಲ್ಲುಧೂಳು ಕುಡಿದ ಶ್ವಾಸಕೋಶ. "ಅಂಗಾತ ಮಲಗಿದ್ರೆ ದಮ್ಮು ಕಟ್ಟುತ್ತೆ ಸಾರ್" ಎಂದು ಎದ್ದೇಬಿಟ್ಟರು. ತಲೆದಿಂಬನ್ನು ಮೇಲಿನ ಹಂತಕ್ಕೆ ಏರಿಸಿ, ಕೆಳಗೊಂದು ದಿಂಬು ಕೊಟ್ಟ ಮೇಲೆ ನಿಧಾನಕ್ಕೆ ಕಾಲು ಚಾಚಿದರು. ತಲೆದಿಂಬು ಏರಿಳಿಯದ ಯಂತ್ರ ನಮ್ಮೂರಿಗೆ ಬೇಡ.

ಕ್ಯಾಡಿಲಾಕ್ ಎಂಬ ಇನ್ನೊಂದು ಪಿಲಾಟೀಸ್ ಉಪಕರಣವೂ ಆಸೆ ಹುಟ್ಟಿಸುತ್ತದೆ. ಸುಮಾರು ಏಳಡಿ ಎತ್ತರದ ಕಂಬಗಳು, ಅವಕ್ಕೆ ನೇತಾಡುವ ಪಟ್ಟಿಗಳು. ಆದರೆ ಬಜಾರಿನ ಅಂಗಡಿ ಮೇಲಿನ ಮಾಳಿಗೆಗೆ, ತಿರುವು ಮೆಟ್ಟಿಲಲ್ಲಿ ಅದನ್ನು ಹತ್ತಿಸುವವರಾರು? ರಿಫಾರ್ಮರ್ ಒಂದೇ ಎಂಟಡಿ ಉದ್ದ, ಸುತ್ತ ಓಡಾಡಲು ಎರಡೆರಡು ಅಡಿ ಬೇರೆ. ಅದರ ತುದಿಗೆ ಅಂಥದೇ ಕಂಬಗಳ ಅರ್ಧ ಟವರ್ ಜೋಡಿಸಿದರೆ ಚಿಕಿತ್ಸೆಗೆ ಬೇಕಾದದ್ದು ಬಹುಪಾಲು ಆಗುತ್ತದೆ. ಕರೆಂಟೂ ಬೇಡ, 1902ರಲ್ಲೇ ಶಿವನಸಮುದ್ರದ ವಿದ್ಯುತ್ ಕಂಡ ಊರಲ್ಲಿ ಇದನ್ನು ಅನುಕೂಲವೆಂದು ಹೇಳಬೇಕಾಗಿ ಬಂದಿರುವುದು ತಮಾಷೆಯೇ.

ಮರವೋ ಅಲ್ಯೂಮಿನಿಯಮ್ಮೋ ಎಂಬ ಚರ್ಚೆಗೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಕೆಡಿಸಿಕೊಂಡದ್ದು ಸ್ಪ್ರಿಂಗಿಗೆ. ಅದರ ಬಿಗಿಯನ್ನು ಬಣ್ಣದಲ್ಲಿ ಗುರುತಿಸುತ್ತಾರೆ, ಆದರೆ ಒಂದು ಕಂಪನಿಯ ಕೆಂಪು ಇನ್ನೊಂದರ ಕೆಂಪಿನಷ್ಟೇ ಬಿಗಿ ಇರಬೇಕೆಂದಿಲ್ಲ. ಬಣ್ಣ ನಂಬಿ ಬದಲಾಯಿಸಿದರೆ ಆಪರೇಷನ್ ಆದ ಮಂಡಿಗೆ ಪೆಟ್ಟು. ಸುರುಳಿಗಳ ನಡುವೆ ಸಂದು ಬಿಟ್ಟಿದೆಯೇ, ಕೊಕ್ಕೆ ಸವೆದಿದೆಯೇ ಎಂದು ವಾರವಾರ ನೋಡಬೇಕು. ದಿನವಿಡೀ ಬಳಸುವ ಕಡೆ ಎರಡು ವರ್ಷಕ್ಕೊಮ್ಮೆ ಎಲ್ಲವನ್ನೂ ಬದಲಿಸುವುದೇ ಕ್ಷೇಮ.

ಆದ್ದರಿಂದ ಮುಂಗಡ ಕೊಡುವ ಮುನ್ನ ಮೆಟ್ಟಿಲ ತಿರುವು ಅಳೆಯಿರಿ, ಬದಲಿ ಸ್ಪ್ರಿಂಗ್ ಬೆಂಗಳೂರಿನಲ್ಲಿ ಸಿಗುತ್ತದೆಯೇ ಎಂದು ಕೇಳಿ, ಅದರ ದರವನ್ನು ಬರವಣಿಗೆಯಲ್ಲೇ ಪಡೆಯಿರಿ.