ಕಾದಂಬರಿ ಸಿನಿಮಾ ಆದಾಗ ಏನನ್ನು ನೋಡಬೇಕು?

ಕಾದಂಬರಿ ಆಧರಿಸಿದ ಸಿನಿಮಾದ ಬಗ್ಗೆ ಹೊಸದಾಗಿ ಬರೆಯುವವರು ಮೊದಲು ಮಾಡುವ ಕೆಲಸವೆಂದರೆ ಬಿಟ್ಟುಹೋದ ಪಾತ್ರ, ಪ್ರಸಂಗಗಳ ಪಟ್ಟಿ. ಪಟ್ಟಿ ಮಾಡಿಕೊಳ್ಳಿ, ಆದರೆ ಅದನ್ನೇ ವಿಮರ್ಶೆ ಎಂದುಕೊಳ್ಳಬೇಡಿ. ಪುಸ್ತಕದಲ್ಲಿ ಕಥೆ ಹೇಳುತ್ತಿದ್ದ ದನಿಯ ಜಾಗಕ್ಕೆ ಸಿನಿಮಾ ಏನನ್ನು ತಂದಿದೆ? ಈ ಪ್ರಶ್ನೆಯಿಂದ ಶುರುಮಾಡಿ.

‘ದಿ ಹಂಗರ್ ಗೇಮ್ಸ್’ ನೋಡೋಣ. ಸುಝೇನ್ ಕಾಲಿನ್ಸ್ ಹದಿಹರೆಯದವರಿಗಾಗಿ ಬರೆದ ಈ ಕಾದಂಬರಿ ಬಂದದ್ದು 2008ರಲ್ಲಿ. ಗ್ಯಾರಿ ರಾಸ್ ನಿರ್ದೇಶನದ ಸಿನಿಮಾ 2012ರಲ್ಲಿ. ಪ್ಯಾನೆಮ್ ಎಂಬ ದೇಶದ 12 ಜಿಲ್ಲೆಗಳು, ಹಿಂದೆಂದೋ ದಂಗೆ ಎದ್ದ ತಪ್ಪಿಗೆ, ಪ್ರತಿವರ್ಷ ಚೀಟಿ ಎತ್ತಿ ತಲಾ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಕಳಿಸಬೇಕು. ಒಬ್ಬರೇ ಉಳಿಯುವ ತನಕ ಆ 24 ಮಕ್ಕಳು ಕಾದಾಡುವುದನ್ನು ದೇಶವೆಲ್ಲ ಟಿವಿಯಲ್ಲಿ ನೋಡುತ್ತದೆ. ಇಂಥ ಕರಾಳ ಭವಿಷ್ಯದ ಕಥೆಗೆ ಡಿಸ್ಟೋಪಿಯಾ ಎಂಬ ಹೆಸರಿದೆ.

ಪುಸ್ತಕವನ್ನು ಉದ್ದಕ್ಕೂ ಹೇಳುವವಳು ಆ 24 ಮಕ್ಕಳಲ್ಲಿ ಒಬ್ಬಳಾದ ಕ್ಯಾಟ್ನಿಸ್. ಅವಳಿಗೆ ತಿಳಿಯದ್ದು ನಮಗೂ ತಿಳಿಯುವುದಿಲ್ಲ. ಸಿನಿಮಾ ಈ ಕಟ್ಟನ್ನು ಬಿಚ್ಚಿ, ಆಟ ನಡೆಸುವವರ ನಿಯಂತ್ರಣ ಕೊಠಡಿಯೊಳಕ್ಕೆ ನಮ್ಮನ್ನು ಕರೆದೊಯ್ಯುತ್ತದೆ. ಆಟ ನಡೆಯುವ ಕಾಡಿನಲ್ಲಿ ಬೆಂಕಿ ಹೊತ್ತಿಸುವವರು ಅಲ್ಲಿ ಶಾಂತವಾಗಿ ಪರದೆ ನೋಡುತ್ತ ಕೂತಿರುತ್ತಾರೆ. ಆಟದಲ್ಲಿ ಕ್ಯಾಟ್ನಿಸ್ ಜೊತೆಗೂಡಿದ್ದ, ಬೇರೊಂದು ಜಿಲ್ಲೆಯ ಪುಟ್ಟ ಹುಡುಗಿ ರೂ ಸತ್ತಾಗ ಪುಸ್ತಕದಲ್ಲಿ ಅವಳ ಜಿಲ್ಲೆಯ ಜನ ಕ್ಯಾಟ್ನಿಸ್‌ಗೆ ಒಂದು ರೊಟ್ಟಿ ಕಳಿಸುತ್ತಾರೆ. ಸಿನಿಮಾದಲ್ಲಿ ಆ ಜಿಲ್ಲೆಯೇ ದಂಗೆ ಏಳುತ್ತದೆ. ಆಪ್ತ ಕೃತಜ್ಞತೆ ಹೋಗಿ ರಾಜಕೀಯ ಬಂತು. ನನ್ನ ಮಟ್ಟಿಗೆ ಇದು ಒಪ್ಪುವಂಥ ಬದಲಾವಣೆ, ಏಕೆಂದರೆ ಆಟದ ಹಿಂದಿನ ಆಡಳಿತ ಕಣ್ಣಿಗೆ ಕಾಣುತ್ತದೆ.

ನಷ್ಟವೂ ಇದೆ. ತನ್ನದೇ ಜಿಲ್ಲೆಯಿಂದ ಬಂದ ಹುಡುಗ ಪೀಟಾ ಮೇಲಿನ ಕ್ಯಾಟ್ನಿಸ್‌ಳ ಪ್ರೀತಿ ನಿಜವೋ, ಪ್ರೇಕ್ಷಕರಿಗಾಗಿ ಹೂಡಿದ ನಾಟಕವೋ? ಪುಸ್ತಕದಲ್ಲಿ ಆಟದ ನಡುವೆ ಹೊರಗಿನಿಂದ ಸಾರಿನ ಪಾತ್ರೆ ಬಂದಾಗ, ಇನ್ನಷ್ಟು ಪ್ರೀತಿ ತೋರಿಸು ಎಂಬ, ಆಟಕ್ಕೆ ಅವಳನ್ನು ಸಿದ್ಧಪಡಿಸಿದ ಗುರುವಿನ ಸೂಚನೆಯನ್ನು ಅವಳೇ ಊಹಿಸಿಕೊಳ್ಳುತ್ತಾಳೆ. ಸಿನಿಮಾದಲ್ಲಿ ಪಾತ್ರೆಯ ಜೊತೆಗೆ ಚೀಟಿಯೊಂದು ಬರುತ್ತದೆ. ವಿಷಯ ತಲುಪಿತು, ಅವಳ ಚುರುಕುಬುದ್ಧಿ ಮಸುಕಾಯಿತು. ಕ್ಯಾಟ್ನಿಸ್ ಪಾತ್ರದ ಜೆನಿಫರ್ ಲಾರೆನ್ಸ್ ಮುಖದಲ್ಲೇ ಎಷ್ಟೋ ಹೇಳಿದರೂ ಈ ಇಬ್ಬಂದಿ ಪೂರ್ತಿ ದಾಟಿ ಬರಲಿಲ್ಲ.

ಇನ್ನು ಹಸಿವು. ಬಡಮಕ್ಕಳು ಹೆಚ್ಚುವರಿ ಧಾನ್ಯಕ್ಕಾಗಿ ತಮ್ಮ ಹೆಸರಿನ ಚೀಟಿಗಳನ್ನು ಹೆಚ್ಚಿಸಿಕೊಳ್ಳುವ ಕ್ರೂರ ಲೆಕ್ಕವನ್ನು ಪುಸ್ತಕ ಬಿಡಿಸಿ ಹೇಳುತ್ತದೆ. ಸಿನಿಮಾ ಅದನ್ನು ಒಂದೆರಡು ಮಾತಿನಲ್ಲಿ ಮುಗಿಸುತ್ತದೆ. ಶೀರ್ಷಿಕೆಯಲ್ಲೇ ಹಸಿವು ಇರುವ ಕಥೆಗೆ ಇದು ದೊಡ್ಡ ಕೊರತೆ; ವಿಮರ್ಶೆಯಲ್ಲಿ ಇದನ್ನು ಸಂಕೋಚಪಡದೆ ಬರೆಯಿರಿ.