ಕಲ್ನಾರಿನ ಸೂರು

ಬೆಂಗಳೂರಿನ ಶಿವಾಜಿನಗರ, ಹಲಸೂರು, ಕೃಷ್ಣರಾಜಪುರಗಳ ಓಣಿಗಳಲ್ಲಿ ಮನೆ, ಗೋದಾಮುಗಳ ಮೇಲೆ ಬೂದುಬಣ್ಣದ, ಅಲೆಯಲೆಯಾದ ಸೂರುಗಳು ಕಾಣುತ್ತವೆ. ಶಾಲೆಗಳೂ ಇದಕ್ಕೆ ಹೊರತಲ್ಲ. ಜನರು ಸಿಮೆಂಟು ಶೀಟೆಂದು ಕರೆಯುವ ಈ ಹೊದಿಕೆಯಲ್ಲಿ ಸಿಮೆಂಟಿನೊಡನೆ ಬೆರೆತಿರುವುದು ಕಲ್ನಾರು, ಎಂದರೆ ಆಸ್‌ಬೆಸ್ಟಾಸ್. ಎಳೆ ಎಳೆಯಾಗಿ ಬಿಡಿಸಬಹುದಾದ ಈ ಖನಿಜವು ಬೆಂಕಿಗೆ ಉರಿಯದು. ಉರಿಯದ ವಸ್ತುವಿಗೆ ಗ್ರೀಕರು 'ನಂದಿಸಲಾಗದ್ದು' ಎಂಬ ಅರ್ಥದ ಹೆಸರನ್ನಿಟ್ಟುದು ವಿಚಿತ್ರವೇ ಸರಿ. ಹಾಸನ ಜಿಲ್ಲೆಯ ಹೊಳೆನರಸೀಪುರದ ನೆಲದಲ್ಲಿಯೂ ಇದು ದೊರೆತಿದೆ.

ಗಟ್ಟಿಯಾಗಿರುವ ಹೊದಿಕೆಯಿಂದ ಎಳೆಗಳು ಸುಲಭವಾಗಿ ಹೊರಬೀಳುವುದಿಲ್ಲ. ಅದು ಬಿಸಿಲುಮಳೆಗಳಿಗೆ ಸವೆದಾಗ, ಚೆಂಡು ತಗುಲಿ ಒಡೆದಾಗ, ತಂತಿ ಹಾಯಿಸಲು ರಂಧ್ರ ಕೊರೆದಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಯನ್ನು ಸೇರುತ್ತವೆ. ಉಸಿರಿನೊಡನೆ ಶ್ವಾಸಕೋಶವನ್ನು ಹೊಕ್ಕ ಎಳೆಗಳನ್ನು ದೇಹವು ಕರಗಿಸಲಾರದು. ಅವುಗಳಿಂದ ಬರುವ ಮೆಸೊಥೆಲಿಯೋಮ ಎಂಬ ಕ್ಯಾನ್ಸರ್ ತಲೆದೋರಲು ಸಾಮಾನ್ಯವಾಗಿ 20ರಿಂದ 50 ವರ್ಷಗಳು ಹಿಡಿಯುತ್ತವೆ. ತರಗತಿಯ ಧೂಳಿನ ಫಲವನ್ನು ವಿದ್ಯಾರ್ಥಿಯು ಉಣ್ಣಬೇಕಾಗಬಹುದಾದುದು ನಡುವಯಸ್ಸಿನಲ್ಲಿ. ಅಷ್ಟರಲ್ಲಿ ಶಾಲೆಯ ಸೂರು ಯಾರ ನೆನಪಿನಲ್ಲಿರುತ್ತದೆ?

ಭಾರತ ಸರ್ಕಾರವು 1986ರಲ್ಲಿ ಹೊಸ ಕಲ್ನಾರು ಗಣಿಗಳಿಗೆ ಅನುಮತಿ ನೀಡುವುದನ್ನು ನಿಲ್ಲಿಸಿತು. ಆದರೆ ಹೊರದೇಶಗಳಿಂದ ಕಲ್ನಾರನ್ನು ತರಿಸಿ ಶೀಟು ತಯಾರಿಸುವುದು ನಿಲ್ಲಲಿಲ್ಲ. ಶಾಲೆಗಳ ಇಂತಹ ಸೂರುಗಳನ್ನು ಬದಲಿಸಬೇಕೆಂದು ನೆರೆಯ ಕೇರಳದ ಮಾನವ ಹಕ್ಕುಗಳ ಆಯೋಗವು 2009ರಲ್ಲಿ ಸೂಚಿಸಿತು. ಬದಲಿಸುವಾಗ ಅವಸರ ಸಲ್ಲದು. ಮಕ್ಕಳಿಲ್ಲದ ರಜೆಯ ದಿನಗಳಲ್ಲಿ, ನೀರು ಚಿಮುಕಿಸಿ ನೆನೆಸಿ, ಒಡೆಯದಂತೆ ಇಡಿಯಾಗಿ ಇಳಿಸಿ, ಒದ್ದೆಯಿರುವಾಗಲೇ ಸುತ್ತಿ ಕಟ್ಟಿ ಸಾಗಿಸಬೇಕು.